ದ್ರಾಕ್ಷಿ ಕೂಟದ ಮೂಗು

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಒಣಮೀನು ಅಡಗಿಸಿ ಕೊಂಡುಹೋಗಲು ಯಾರಿಗೂ ಆಗುತ್ತಿರಲಿಲ್ಲ. ಕಂಡಕ್ಟರ್ ಕಮಲಾಕ್ಷ ಬಾಗಿಲಲ್ಲಿ ನಿಂತು ಒಮ್ಮೆ ಉಸಿರೆಳೆದುಕೊಂಡರೆ ಸಾಕು, "ಹಿಂದಿನ ಸೀಟಿನ ಅಡಿಯಲ್ಲಿ ಯಾರದ್ದು ಗೋಣಿ? ಮೇಲೆ ಹಾಕಿ," ಎನ್ನುತ್ತಿದ್ದ. ಪುಂಜಾಲಕಟ್ಟೆಯ ಪಾತುಮ್ಮ ಒಮ್ಮೆ ಗೋಣಿಗೆ ಬಾಳೆಲೆ ಸುತ್ತಿ, ಅದರ ಮೇಲೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ತಾನೇ ಕುಳಿತಿದ್ದಳು. ಅದೂ ನಡೆಯಲಿಲ್ಲ. "ನಿನ್ನ ಮೂಗಿಗೆ ಬೇರೆ ಕೆಲಸ ಇಲ್ಲವಾ ಕಮಲಾಕ್ಷಣ್ಣ, ಬಡವರ ಗೋಣಿಯೇ ಸಿಕ್ಕಿದ್ದಾ ಅದಕ್ಕೆ?" ಎಂದು ಕೇಳಿ, ಇಡೀ ಬಸ್ಸನ್ನು ನಗಿಸಿ, ಗೋಣಿಯನ್ನು ಮೇಲೆ ಕಳಿಸಿದಳು.

ಅವನು ನರಿಕೊಂಬಿನ ಹೊಳೆಬದಿಯವನು. ಓದು ಎಂಟನೇ ಕ್ಲಾಸಿಗೆ ನಿಂತಿತ್ತು. ಸಣ್ಣ ಆಳು, ಮೆಲ್ಲಗಿನ ಮಾತು. ಖಾಕಿ ಅಂಗಿ ತೆಗೆದರೆ ಗುರುತು ಸಿಗದಂತಹ ಮುಖ. ಆದರೆ ನೇತ್ರಾವತಿಯಲ್ಲಿ ಕೆಂಪು ನೀರು ಬರುವ ಹಿಂದಿನ ದಿನವೇ ಘಟ್ಟದ ಮಣ್ಣಿನ ವಾಸನೆ ಬಂತು ಎಂದು ಅವನು ಹೇಳುತ್ತಿದ್ದ, ಮರುದಿನ ನೀರು ಕೆಂಪಾಗುತ್ತಿತ್ತು. ಅಂಗಳದಲ್ಲಿ ನಿಂತೇ ಒಳಗಿನ ಹೆಂಡತಿಗೆ, "ಸರಸ, ಅನ್ನ ತಳ ಹಿಡಿಯುತ್ತದೆ," ಎಂದು ಕೂಗುತ್ತಿದ್ದ. ಅವಳು ಮುಚ್ಚಳ ತೆಗೆದಾಗ ಇನ್ನೂ ತಳ ಹಿಡಿದಿರುತ್ತಿರಲಿಲ್ಲ.

ಸರಸಳ ತವರು ದೊಡ್ಡದು. ಮದುವೆಯ ಮಾತಿನ ಹೊತ್ತಿಗೆ ಅವಳ ತಾಯಿ ಅಮ್ಮಣ್ಣಿ ಒಂದೇ ಷರತ್ತು ಹಾಕಿದ್ದರು. ಹುಡುಗ ಧರ್ಮಸ್ಥಳಕ್ಕೆ ಹೋಗಿ, ಜನ್ಮದಲ್ಲಿ ಕುಡಿಯುವುದಿಲ್ಲ ಎಂದು ಆಣೆ ಮಾಡಿ ಬರಬೇಕು. ಕಮಲಾಕ್ಷ ಹೋಗಿ ಬಂದ. ಅವನಿಗೆ ಅದು ಕಷ್ಟವಾಗಿ ಕಾಣಲಿಲ್ಲ. ಅದಕ್ಕೆ ಮೊದಲೂ ಅವನು ಕುಡಿದವನಲ್ಲ.

ಕುಡಿಯದ ಈ ಮನುಷ್ಯ ಕುಡಿಯುವವರ ಕೂಟಕ್ಕೆ ಸೇರಿದ್ದು ಆ ಮೂಗಿನಿಂದಲೇ.

ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಪಾನನಿರೋಧ ಬಂದು ಕೆಲವು ವರ್ಷಗಳಾಗಿದ್ದವು. ಕಳ್ಳಿನ ಮರಗಳು ಸುಮ್ಮನೆ ನಿಂತಿದ್ದವು. ಆದರೆ ಮಂಗಳೂರಿನಲ್ಲಿ ರೈಲು ಹತ್ತಿ ಕಾಸರಗೋಡು, ಕಣ್ಣನೂರು, ತಲಶ್ಶೇರಿ ದಾಟಿದರೆ ಮಾಹೆ ಸಿಗುತ್ತಿತ್ತು. ಅದು ಇನ್ನೂ ಫ್ರೆಂಚರ ಕೈಯಲ್ಲಿತ್ತು. ಅಲ್ಲಿ ಪೊಲೀಸರಿಗೆ ಕೆಂಪು ಟೊಪ್ಪಿ, ಬೀದಿಗೆ ಓದಲು ಬಾರದ ಹೆಸರು, ಅಂಗಡಿಗಳಲ್ಲಿ ಸಾಲು ಸಾಲು ಬಾಟಲಿ. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಸಂಜೆ ಹಿಂದೆ ಬರಬಹುದಾದ ಪರದೇಶ.

ಹಾಗೆ ಹೋಗುತ್ತಿದ್ದವರು ಮೂವರು. ಸರಸಳ ಅಣ್ಣ ನಿತ್ಯಾನಂದನಿಗೆ ಬಿ.ಸಿ.ರೋಡಿನಲ್ಲಿ ಹೋಟೆಲಿತ್ತು, ಹುಡುಗಪ್ರಾಯದಲ್ಲಿ ಬೊಂಬಾಯಿಯಲ್ಲಿದ್ದಾಗ ದ್ರಾಕ್ಷಾರಸದ ರುಚಿ ಕಂಡವನು. ಸುಬ್ಬಯ್ಯ ಬೆಳ್ತಂಗಡಿಯ ಅಡಿಕೆ ವ್ಯಾಪಾರಿ. ಪರಮೇಶ್ವರ ಮಾಸ್ಟ್ರು ಮೂಡಬಿದ್ರೆಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವರು. ದ್ರಾಕ್ಷಿ ಕೂಟ ಎಂದು ಹೆಸರಿಟ್ಟದ್ದೂ ನಿಯಮ ಮಾಡಿದ್ದೂ ಮಾಸ್ಟ್ರೇ. ಕೂತು ಕುಡಿಯಬೇಕು, ಗ್ಲಾಸಿನಲ್ಲಿ ಕುಡಿಯಬೇಕು, ಬಾಟಲಿ ಗಡಿ ದಾಟಿಸಬಾರದು. "ಸಾರಾಯಿ ಕುಡಿಯುವವ ಕುಡುಕ. ದ್ರಾಕ್ಷಾರಸ ಕುಡಿಯುವವ ಸದಸ್ಯ," ಎನ್ನುತ್ತಿದ್ದರು.

ಒಂದೇ ತೊಂದರೆ, ಹಿಂದೆ ಬರುವುದು. ಬಿ.ಸಿ.ರೋಡಿನಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ, ಸಂಶಯ ಬಂದವರ ಮುಖದ ಹತ್ತಿರ ಮುಖ ತಂದು "ಊದು" ಎನ್ನುತ್ತಿದ್ದ ಕಾಲ. ಮಾಹೆಯಲ್ಲಿ ಕುಡಿದದ್ದು ಎಂದರೆ ಯಾರು ಕೇಳುತ್ತಾರೆ? ಮೂವರೂ ಜೀರಿಗೆ ಜಗಿಯುತ್ತಿದ್ದರು, ಪೇರಳೆಯ ಚಿಗುರು ಜಗಿಯುತ್ತಿದ್ದರು, ರೈಲಿನಲ್ಲಿ ಮೊಸರನ್ನ ತಿನ್ನುತ್ತಿದ್ದರು. ಆದರೂ ಕುಡಿದವನಿಗೆ ಕುಡಿದವನ ವಾಸನೆ ತಿಳಿಯುವುದಿಲ್ಲ. ಕುಡಿಯದ ಒಂದು ಮೂಗು ಬೇಕಿತ್ತು.

ಹೀಗೆ ಕಮಲಾಕ್ಷ ಕೂಟದ ನಾಲ್ಕನೆಯವನಾದ. ಭಾನುವಾರ ಸಂಜೆ ಮಂಗಳೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಮೂವರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬಾಯಿಯ ಮುಂದೆ ನಿಂತು, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದ. "ಹೋಗಬಹುದು," ಎಂದರೆ ಹೋಗಬಹುದು. "ನೀವು ಬೇಡ," ಎಂದರೆ ಆ ಮನುಷ್ಯ ರಾತ್ರಿ ಮಂಗಳೂರಿನಲ್ಲೇ ಉಳಿಯಬೇಕು. ಸುಬ್ಬಯ್ಯನಂತಹ ಧಣಿಯೂ ಒಂದೆರಡು ಸಲ ತುಟಿಪಿಟಕ್ಕೆನ್ನದೆ ಬೆಂಚಿನ ಮೇಲೆ ಮಲಗಿದ್ದುಂಟು.

ಮಾಹೆಯಲ್ಲಿ ಅವನು ಸೋಡಾ ಹಿಡಿದುಕೊಂಡು ಹೊಳೆ ಸಮುದ್ರ ಸೇರುವಲ್ಲಿ ಕುಳಿತಿರುತ್ತಿದ್ದ. ಬೇಕರಿಯ ರೊಟ್ಟಿಯ ವಾಸನೆ, ಇಗರ್ಜಿಯ ಮೇಣದ ವಾಸನೆ, ಉಪ್ಪುಗಾಳಿ. ಸಂಜೆ ಬಾಟಲಿ ತೆರೆದಾಗ ಮೊದಲ ಗ್ಲಾಸು ಅವನ ಮೂಗಿಗೆ. ಇದೂ ಕೂಟದ ಪದ್ಧತಿಯಾಗಿತ್ತು. ಅವನು ಕಣ್ಣು ಮುಚ್ಚಿ, "ಇದರಲ್ಲಿ ನೇರಳೆ ಉಂಟು. ಮತ್ತೆ ಮಳೆಗೆ ನೆನೆದ ಮರ," ಎಂದರೆ ಮೂವರೂ ಹುಡುಕಿ ಹುಡುಕಿ ಕುಡಿಯುತ್ತಿದ್ದರು. "ಕುಡಿಯದೆ ನಮಗಿಂತ ಹೆಚ್ಚು ಕುಡಿದೆಯಲ್ಲ ಭಾವ," ಎಂದು ನಿತ್ಯಾನಂದ ಅವನ ಬೆನ್ನು ತಟ್ಟುತ್ತಿದ್ದ. ಉಳಿದ ದಿನಗಳಲ್ಲಿ ಅವನ ಹೋಟೆಲಿನ ಹಿಂದಿನ ಬಾಗಿಲಲ್ಲಿ ಚಾ ಕುಡಿಯುತ್ತಿದ್ದ ಕಮಲಾಕ್ಷ, ಆ ಎರಡು ದಿನ ಅವರ ಸಮಕ್ಕೆ ಕುರ್ಚಿಯಲ್ಲಿ ಕೂರುತ್ತಿದ್ದ.

ಐವತ್ತಮೂರರ ಮಳೆಗಾಲದಲ್ಲಿ ಅವನಿಗೆ ಜ್ವರ ಬಂತು. ಹಾಸಿಗೆ ಬಿಟ್ಟು ಏಳುವಾಗ ಮಳೆ ಜೋರಿನ ಆಟಿ ತಿಂಗಳು ಕಳೆದಿತ್ತು. ಕಾಲಿಗೆ ಬಲ ಬಂತು, ಹಸಿವು ಬಂತು. ವಾಸನೆ ಬರಲಿಲ್ಲ. ಸೋಪನ್ನು ಮೂಗಿಗೆ ಹಿಡಿದ, ಕರ್ಪೂರ ಹಿಡಿದ, ಬಸ್ಸಿನ ಡೀಸೆಲ್ಲಿನಲ್ಲಿ ಬೆರಳು ಅದ್ದಿ ಹಿಡಿದ. ಮುಚ್ಚಿದ ಬಾಗಿಲಿನ ಮುಂದೆ ನಿಂತ ಹಾಗಿತ್ತು. ಇಂದು ಬರಬಹುದು, ನಾಳೆ ಬರಬಹುದು ಎಂದು ಯಾರಿಗೂ ಹೇಳದೆ ಕಾದ. ಹೇಳಿದರೆ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಅವನಿಗೆ ಜಾಗ ಇರಲಿಲ್ಲ. ಮೂಗು ಇಲ್ಲದ ಕಮಲಾಕ್ಷ ಹೋಟೆಲಿನ ಹಿಂದಿನ ಬಾಗಿಲಿನವನು ಮಾತ್ರ.

ಆಮೇಲೆ ಕೂಟ ಹೊರಟಾಗ ಅವನೂ ಹೊರಟ. ಈಗ ಅವನು ಕಣ್ಣಿನಿಂದ ಕೆಲಸ ಮಾಡಿದ. ಯಾರು ಎಷ್ಟು ಗ್ಲಾಸು ಎತ್ತಿದರು, ಯಾರು ಬೇಗ ಮಲಗಿದರು, ಬೆಳಿಗ್ಗೆ ಯಾರ ಕಣ್ಣು ಕೆಂಪು, ಇಷ್ಟನ್ನು ನೋಡಿಟ್ಟುಕೊಂಡು, ಸ್ಟೇಷನ್ನಿನಲ್ಲಿ ಕಣ್ಣು ಮುಚ್ಚಿ ಮೊದಲಿನಂತೆಯೇ ಉಸಿರೆಳೆದು ತೀರ್ಪು ಕೊಟ್ಟ. ನಡೆಯಿತು. ಗ್ಲಾಸು ಮೂಗಿಗೆ ಬಂದಾಗ ಮಾತ್ರ ತಡವರಿಸಿದ.

"ನೇರಳೆ ಉಂಟು," ಎಂದ.

ಮಾಸ್ಟ್ರು ಗ್ಲಾಸನ್ನು ಬೆಳಕಿಗೆ ಹಿಡಿದರು. "ಹೋದ ಸಲವೂ ನೇರಳೆಯೇ ಹೇಳಿದ್ದಿ. ಇದು ಬಿಳಿಯದ್ದು ಮಾರಾಯ."

ಎಲ್ಲರೂ ನಕ್ಕರು. ಮಾಸ್ಟ್ರು ನಗುತ್ತಲೇ ಅವನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

ದೀಪಾವಳಿ ಕಳೆದ ಮೇಲಿನ ಪ್ರಯಾಣದಲ್ಲಿ, ಭಾನುವಾರ ಬೆಳಿಗ್ಗೆ ನಿತ್ಯಾನಂದ ಬೊಂಬಾಯಿಯ ಹಳೆಯ ಪರಿಚಯದವನೊಬ್ಬ ಸಿಕ್ಕಿದನೆಂದು ಹೋಗಿ, ಅವನ ಮನೆಯಲ್ಲಿ ಬ್ರಾಂದಿ ಕುಡಿದು ಬಂದ. ಮರ್ಯಾದೆಯ ಆಳು, ಹೆಜ್ಜೆ ತಪ್ಪಲಿಲ್ಲ, ಮಾತು ತೊದಲಲಿಲ್ಲ. ಕಮಲಾಕ್ಷ ಆಗ ಹೊಳೆಬದಿಯಲ್ಲಿದ್ದ. ನೋಡದ್ದನ್ನು ಅವನ ಕಣ್ಣು ಹೇಗೆ ಹೇಳಬೇಕು? ಸಂಜೆ ಮಂಗಳೂರಿನಲ್ಲಿ ನಿತ್ಯಾನಂದನೇ ಸಂಶಯದಿಂದ ಕೇಳಿದ, "ಹೇಗೆ ಭಾವ? ಬೇಡವಾದರೆ ಹೇಳು, ಉಳೀತೇನೆ."

ಕಮಲಾಕ್ಷ ಕಣ್ಣು ಮುಚ್ಚಿ ಉಸಿರೆಳೆದ. "ಹೋಗಬಹುದು," ಎಂದ.

ಬಿ.ಸಿ.ರೋಡಿನಲ್ಲಿ ಬಸ್ಸು ನಿಂತಿತು. ಪೊಲೀಸಿನವನೊಬ್ಬ ಹತ್ತಿದ, ಎರಡು ಸೀಟು ದಾಟಿ, ನೇರವಾಗಿ ನಿತ್ಯಾನಂದನ ಮುಂದೆ ನಿಂತ. ಊದು ಎನ್ನುವ ಅಗತ್ಯವೂ ಬೀಳಲಿಲ್ಲ. ತನ್ನದೇ ಹೋಟೆಲಿನ ಎದುರು, ತನ್ನದೇ ಗಿರಾಕಿಗಳು ನೋಡುತ್ತಿರುವಾಗ, ನಿತ್ಯಾನಂದನನ್ನು ಇಳಿಸಿ ಕರೆದುಕೊಂಡು ಹೋದರು.

ಕೋರ್ಟಿನಲ್ಲಿ ಅದು ಬೇಗ ಮುಗಿಯಿತು. ಮುಗಿಯದೆ ಉಳಿದದ್ದು ಒಂದೇ ಪ್ರಶ್ನೆ. ಬಸ್ಸು ತುಂಬ ಜನ ಇದ್ದರು. ಪೊಲೀಸಿನವನು ಬೇರೆ ಯಾರ ಮುಖವನ್ನೂ ನೋಡದೆ ಅವನ ಹತ್ತಿರವೇ ಯಾಕೆ ಬಂದ? ಬ್ರಾಂದಿಯ ವಾಸನೆ ಅವನನ್ನು ಕೈಹಿಡಿದು ತಂದಿತ್ತು. ಆದರೆ ಆ ವಾಸನೆ ಇಲ್ಲವೆಂದು ಕಮಲಾಕ್ಷ ಹೇಳಿದ್ದನಲ್ಲ. ಇಡೀ ಜಿಲ್ಲೆಯಲ್ಲಿ ಆ ಮೂಗು ತಪ್ಪುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ತಪ್ಪದ ಮೂಗು ತಪ್ಪಿದೆ ಎಂದರೆ, ಬೇಕೆಂದೇ ತಪ್ಪಿರಬೇಕು.

ಹೋಟೆಲಿನ ಹಿಂದಿನ ಕೋಣೆಗೆ ಅವನನ್ನು ಕರೆಸಿದರು. ಮೂವರೂ ಇದ್ದರು.

"ನೀನು ಪೊಲೀಸರಿಗೆ ಹೇಳಿದ್ದಿಯಾ?" ನಿತ್ಯಾನಂದ ನೇರವಾಗಿ ಕೇಳಿದ.

"ಇಲ್ಲ ಭಾವ."

"ಮೊದಲೇ ಹೇಳಿ ಇಟ್ಟು, ನನ್ನನ್ನು ಬಸ್ಸಿಗೆ ಹತ್ತಿಸಿದೆ ಅಂತ ಊರು ಹೇಳುತ್ತದೆ."

"ಊರು ಹೇಳಲಿ. ನಾನು ಹೇಳಲಿಲ್ಲ."

ಸುಬ್ಬಯ್ಯ ಎಲೆ ಮಡಚುತ್ತ, "ಇವನು ಕುಡಿಯುವುದೂ ಇಲ್ಲ, ಕುಡಿಯುವವರ ಜೊತೆ ಬರುವುದೂ ಬಿಡುವುದಿಲ್ಲ. ಎಂತ ಸುಖಕ್ಕೆ ಬರುತ್ತಿದ್ದ ಅಂತ ನಾವು ಯಾರಾದರೂ ಕೇಳಿದ್ದುಂಟಾ?" ಎಂದ.

ಮಾಸ್ಟ್ರು ಗಂಟಲು ಸರಿಮಾಡಿಕೊಂಡರು. "ಜಗಳ ಬೇಡ. ಧರ್ಮಸ್ಥಳಕ್ಕೆ ಹೋಗುವ. ಅಲ್ಲಿ ಆಣೆ ಮಾಡಲಿ. ಮುಗಿಯಿತಲ್ಲ."

"ಈಗಲೇ ಹೋಗುವ," ಎಂದ ಕಮಲಾಕ್ಷ. ಅವನ ಮುಖದಲ್ಲಿ ಅಂದು ಮೊದಲ ಬಾರಿ ಜೀವ ಬಂದಿತ್ತು. "ಪೊಲೀಸರಿಗೆ ಹೇಳಲಿಲ್ಲ ಅಂತ ಆಣೆ ಮಾಡ್ತೇನೆ."

ನಿತ್ಯಾನಂದ ತಲೆಯಾಡಿಸಿದ. "ಅದಲ್ಲ. ನೀನಲ್ಲದಿದ್ದರೆ ನಿನ್ನ ಪರವಾಗಿ ಇನ್ಯಾರೋ ಹೇಳಿರಬಹುದು. ನೀನು ಹೀಗೆ ಹೇಳಬೇಕು: 'ಭಾವನ ಬಾಯಿಯ ವಾಸನೆ ನೋಡಿದ್ದೇನೆ, ವಾಸನೆ ಇರಲಿಲ್ಲ, ಅದಕ್ಕೇ ಬಿಟ್ಟಿದ್ದೇನೆ.' ಇಷ್ಟೇ ಮಾತು."

ಕಮಲಾಕ್ಷ ಬಾಗಿಲ ಕಡೆ ತಿರುಗಿದ. ಹೊರಗೆ ಬಸ್ಸಿನ ಹಾರ್ನು, ಒಳಗೆ ದೋಸೆ ಕಾವಲಿಯ ಸದ್ದು. ಆ ಸದ್ದಿಗೆ ಸೇರಿದ ವಾಸನೆ ಎಲ್ಲಿಯೂ ಇರಲಿಲ್ಲ. ಆ ಮಾತನ್ನು ದೇವರ ಮುಂದೆ ಹೇಳಲು ಆಗುತ್ತಿರಲಿಲ್ಲ. ನನಗೆ ಮೂಗೇ ಇಲ್ಲ ಎಂದು ಈಗ ಹೇಳಿದರೆ, ಸಿಕ್ಕಿಬಿದ್ದ ಮೇಲೆ ಕಟ್ಟಿದ ಕತೆ ಎನ್ನುತ್ತಾರೆ. ಕುರುಡನ ಕಣ್ಣು ನೋಡಿದರೆ ತಿಳಿಯುತ್ತದೆ. ಮೂಗು ಹೋದದ್ದನ್ನು ಯಾರಿಗೆ ತೋರಿಸುವುದು?

"ಆ ಆಣೆ ಆಗುವುದಿಲ್ಲ," ಎಂದ.

ನಮ್ಮ ಕಡೆ ಆಣೆಗೆ ಒಪ್ಪದವನಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಸುಬ್ಬಯ್ಯ ಎದ್ದು ಹೊರಗೆ ಹೋದ. ಮಾಸ್ಟ್ರು ಕೊಡೆ ತೆಗೆದುಕೊಂಡರು. ನಿತ್ಯಾನಂದ ಮಾತ್ರ ಕೂತಲ್ಲೇ ಕೂತು, "ನನ್ನ ತಂಗಿ ಇಂಥವನ ಮನೆಯಲ್ಲಿ ಇರುವುದಾ?" ಎಂದು, ಯಾರನ್ನೂ ಕೇಳುವಂತಲ್ಲದೆ, ಕೇಳಿದ.

ಮಾತು ಬಸ್ಸಿಗಿಂತ ಮೊದಲು ಪುಂಜಾಲಕಟ್ಟೆ ಮುಟ್ಟಿತು. ಅವನು ಟಿಕೇಟು ಹರಿಯುತ್ತ ಬಂದರೆ ಜನ ಮಾತು ನಿಲ್ಲಿಸುತ್ತಿದ್ದರು. ಪಾತುಮ್ಮ ಒಣಮೀನಿನ ಗೋಣಿಯನ್ನು ಮುಚ್ಚುಮರೆಯಿಲ್ಲದೆ ಸೀಟಿನ ಅಡಿಗೆ ತಳ್ಳಿದಳು. ಅವನು ಏನೂ ಹೇಳದೆ ಮುಂದೆ ಹೋದ. ಆಗ ಹಿಂದಿನ ಸೀಟಿನಲ್ಲಿ ಯಾರೋ, "ಈಗ ಮೀನಿನವರ ಹತ್ತಿರವೂ ಒಳಗಿಂದೊಳಗೆ ಉಂಟು ಕಾಣುತ್ತದೆ," ಎಂದರು. ಪಾತುಮ್ಮ ಮಾತ್ರ ನಗಲಿಲ್ಲ. ಅವನು ಹೋದ ದಿಕ್ಕನ್ನೇ ನೋಡುತ್ತ ಕುಳಿತಳು.

ಸರಸಳಿಗೂ ಸಂಶಯವಿತ್ತು, ಆದರೆ ಬೇರೆಯದು. ಮಳೆಗಾಲದಿಂದ ಈಚೆಗೆ ಗಂಡ ಹಳಸಿದ ಸಾರನ್ನು ಮಾತಿಲ್ಲದೆ ಉಣ್ಣುತ್ತಿದ್ದ. ತಳ ಹಿಡಿದ ಅನ್ನಕ್ಕೆ ಅಂಗಳದಿಂದ ಕೂಗು ಬರುತ್ತಿರಲಿಲ್ಲ. ಮಾಹೆಯಲ್ಲಿ ಇವರೂ ಶುರು ಮಾಡಿದ್ದಾರೆ, ನಾಲಿಗೆ ಸತ್ತಿದೆ, ಅದಕ್ಕೇ ಧರ್ಮಸ್ಥಳಕ್ಕೆ ಹೋಗಲು ಹೆದರಿದರು ಎಂದು ಅವಳು ಎಣಿಸಿದಳು. ಅಣ್ಣ ಕರೆಕಳಿಸಿದಾಗ ಎದುರು ಹೇಳಲಿಲ್ಲ. ಎರಡು ಸೀರೆ ಕಟ್ಟಿಕೊಂಡು, ಮಗಳು ಪ್ರಫುಲ್ಲಾಳನ್ನು ಕರೆದುಕೊಂಡು ತವರಿಗೆ ಹೋದಳು. ಕೆಲವು ದಿನ ಬಿಟ್ಟು, ಉಳಿದ ಬಟ್ಟೆಬರೆ ತರಲೆಂದು ಒಬ್ಬಳೇ ನರಿಕೊಂಬಿಗೆ ಬಂದಳು. ಹೊರಡುವಾಗ ಅತ್ತಿಗೆ ಮಲ್ಲಿಗೆ ಮುಡಿಸಿದ್ದಳು.

ಬಾಗಿಲು ದೂಡಿದವಳು ಒಂದು ಹೆಜ್ಜೆ ಹಿಂದೆ ಸರಿದಳು. ಅಟ್ಟದಲ್ಲಿ ಇಲಿ ಸತ್ತು ಕೊಳೆತಿತ್ತು. ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ನೋಡಿದರೆ, ಸರಿಯಾಗಿ ಅದರ ಕೆಳಗೆ, ಚಾಪೆಯ ಮೇಲೆ ಕಮಲಾಕ್ಷ ನೆಮ್ಮದಿಯಲ್ಲಿ ಪೇಪರು ಓದುತ್ತ ಮಲಗಿದ್ದ.

ಅವಳು ಅಲ್ಲೇ ನಿಂತಳು. "ಎಂತ ವಾಸನೆ ಇದು?"

ಅವನು ಎದ್ದು ಕುಳಿತ. ಅವಳ ಮುಖ ನೋಡಿದ, ಮುಡಿ ನೋಡಿದ, ಕಣ್ಣು ಮುಚ್ಚಿ ಉಸಿರೆಳೆದ. "ಮಲ್ಲಿಗೆ ಮುಡಿದಿದ್ದಿ ಅಲ್ವಾ," ಎಂದ. "ಮನೆಯಿಡೀ ಪರಿಮಳ."

ಸರಸ ಜಗಲಿಯ ಅಂಚಿನಲ್ಲಿ ಕುಳಿತಳು. ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಿದರು. ಜ್ವರದಿಂದ ಹಿಡಿದು ಎಲ್ಲವನ್ನೂ ಅವನು ಹೇಳಿದ. "ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದಾಗ, "ನಿನಗೆ ಹೇಳಿದರೆ ಭಾವನಿಗೆ ಹೇಳಿದ ಹಾಗೆ," ಎಂದ.

ಅವನು ಎಣಿಸಿದ್ದು ಸುಳ್ಳಾಗಲಿಲ್ಲ. ಅವಳು ಅಣ್ಣನಿಗೆ ಹೇಳಿದಳು.

ನಿತ್ಯಾನಂದ ಕೇಳಿ ನಕ್ಕ. "ಇಷ್ಟು ದಿನ ಬೇಕಾಯಿತಾ ಅವನಿಗೆ ಇದನ್ನು ಹುಡುಕಲಿಕ್ಕೆ? ಸತ್ತ ಇಲಿಯ ಕೆಳಗೆ ಮಲಗುವುದು ಎಂತ ದೊಡ್ಡದು. ಹೆಂಡತಿ ಬರುತ್ತಾಳೆ ಅಂತ ಗೊತ್ತಿದ್ದರೆ ನಾನೂ ಮಲಗಿಯೇನು."

"ನಾನು ಬರುವುದು ಅವರಿಗೆ ಗೊತ್ತಿರಲಿಲ್ಲ ಅಣ್ಣ."

"ನನ್ನ ಕಣ್ಣಿನಿಂದ ನೋಡಿದರೆ ನಂಬ್ತೇನೆ. ಅವನಿಗೆ ತಿಳಿಯದೆ ಇರುವಾಗ ನೋಡಬೇಕು. ನೀನು ಅವನಿಗೆ ಒಂದು ಮಾತೂ ಹೇಳಬಾರದು."

ಹೇಗೆ ನೋಡುವುದು ಎಂಬುದನ್ನು ಅವನೇ ಯೋಚಿಸಿದ. ಅವಳು ಬೇಡ ಎಂದಳು. ಹಾಗಾದರೆ ಇಲ್ಲಿಯೇ ಇರು ಎಂದ. ಆಗ ಅವಳು ಪರೀಕ್ಷೆಗೆ ಒಪ್ಪಿದಳು.

ಬಂದ ಭಾನುವಾರ ಮಧ್ಯಾಹ್ನ ಕಮಲಾಕ್ಷ ಬಸ್ಸಿನಿಂದ ಇಳಿದು, ಬಿಸಿಲಿನಲ್ಲಿ ನಡೆದು ಮನೆಗೆ ಬಂದಾಗ ಜಗಲಿಯಲ್ಲಿ ಭಾವ ಕುಳಿತಿದ್ದ. ಸರಸಳೂ ಬಂದಿದ್ದಳು. ಅವನು ಅಂಗಳದಲ್ಲೇ ನಿಂತ. "ಕೂತುಕೋ ಭಾವ. ಬೆವರು ಆರಲಿ," ಎಂದ ನಿತ್ಯಾನಂದ. ಸರಸ ಒಳಗಿನಿಂದ ಹಿತ್ತಾಳೆಯ ಲೋಟ ತಂದಳು. ಬಿಸಿಲಿನಿಂದ ಬಂದವನಿಗೆ ಅವಳು ಯಾವಾಗಲೂ ಅದರಲ್ಲೇ ಗಂಜಿಯ ತಿಳಿ ಕೊಡುತ್ತಿದ್ದದ್ದು. ಅಂದು ಅದರಲ್ಲಿದ್ದದ್ದು ಕಳ್ಳು. ಮೊದಲು ಮರದಿಂದ ಕಳ್ಳು ತೆಗೆಯುವ ಮೂರ್ತೆಯ ಕೆಲಸ ಮಾಡಿ ಈಗ ಹಂಚಿನ ಕಾರ್ಖಾನೆಗೆ ಹೋಗುವ ಒಬ್ಬ ಆಳು ಕದ್ದು ಇಳಿಸುತ್ತಿದ್ದ ಒಂದು ಮರದ್ದು. ಬೆಳಗ್ಗಿನಿಂದ ಇಟ್ಟು ಹುಳಿ ಬಂದದ್ದು. ಬಣ್ಣ ಗಂಜಿಯ ತಿಳಿಯ ಹಾಗೆಯೇ. ವಾಸನೆ ಜಗಲಿ ದಾಟಿ ಅಂಗಳಕ್ಕೆ ಬಂದಿತ್ತು.

ಲೋಟ ಅವನ ಕೈಗೆ ಹೋಯಿತು. ಅವನು ಅದನ್ನು ನೋಡಲಿಲ್ಲ, ಅವಳನ್ನು ನೋಡಿದ. ಅವಳು ಹಿಂದೆ ಬಂದಳಲ್ಲ ಎಂಬ ಸಂತೋಷ ಅವನ ಮುಖದಲ್ಲಿ ಮುಚ್ಚಿಡಲಾಗದಂತೆ ಇತ್ತು. ಲೋಟ ಎತ್ತಿದ. ಅವನ ಆಣೆ ಮುರಿಯದಂತೆ, ತುಟಿಯ ಹತ್ತಿರ ಬಂದಾಗ ತಡೆಯುತ್ತೇನೆ ಎಂದು ಅಣ್ಣ ಮಾತು ಕೊಟ್ಟಿದ್ದ. ಸರಸ ಅಣ್ಣನ ಕಡೆ ತಿರುಗಿದಳು. ನಿತ್ಯಾನಂದ ಮುಂದಕ್ಕೆ ಬಾಗಿ, ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಅವನ ಕೈ ತೊಡೆಯ ಮೇಲೇ ಇತ್ತು. ಅವನಿಗೆ ಇನ್ನೂ ಸಂಶಯವಿತ್ತು. ನುಂಗಲಿ, ಆಮೇಲೆ ನಂಬುವ ಎಂದು ಕಾಯುತ್ತಿದ್ದ.

ಸರಸ ಮುಂದೆ ಹಾರಿ ಲೋಟಕ್ಕೆ ಹೊಡೆದಳು. ಅದು ಕಂಬಕ್ಕೆ ಬಡಿದು ಅಂಗಳಕ್ಕೆ ಉರುಳಿತು. ಕಳ್ಳು ಅವನ ಅಂಗಿಯ ಮೇಲೆಲ್ಲ ಚೆಲ್ಲಿತು.

ಕಮಲಾಕ್ಷ ಒದ್ದೆ ಅಂಗಿಯನ್ನು ಮೂಗಿನವರೆಗೆ ಎತ್ತಿದ, ಹಾಗೆಯೇ ಬಿಟ್ಟ. "ಎಂತ ಇತ್ತು ಅದರಲ್ಲಿ?"

"ಕಳ್ಳು," ಎಂದಳು.

"ಯಾರು ಹೊಯ್ದದ್ದು?"

"ನಾನು."

ನಿತ್ಯಾನಂದ ಎದ್ದು ನಿಂತಿದ್ದ. ಅವನ ಮುಖದ ಬಿಗಿ ಸಡಿಲಿತ್ತು. "ಭಾವ, ನಾನು ತಪ್ಪು ಎಣಿಸಿದೆ," ಎಂದ. "ಸುಬ್ಬಯ್ಯನಿಗೂ ಮಾಸ್ಟ್ರಿಗೂ ನಾನೇ ಹೇಳ್ತೇನೆ. ನೀನು ಮೊದಲಿನ ಹಾಗೆ ಬಾ. ಮೂಗು ಇಲ್ಲದಿದ್ದರೆ ಇಲ್ಲ."

"ಮೂಗು ಇಲ್ಲದೆ ಎಂತಕ್ಕೆ ಬರುವುದು ಭಾವ?" ಎಂದ ಕಮಲಾಕ್ಷ. ಕೋಪ ಇರಲಿಲ್ಲ ಆ ಮಾತಿನಲ್ಲಿ. "ವಾಸನೆ ತಿಳಿಯದೆಯೇ 'ಹೋಗಬಹುದು' ಅಂತ ಹೇಳಿದ್ದು ಹೌದಲ್ಲ. ನಿಮಗೆ ಮರ್ಯಾದೆ ಹೋದದ್ದು ನನ್ನಿಂದಲೇ."

ಸರಸ ತವರಿಗೆ ಹಿಂದೆ ಹೋಗಲಿಲ್ಲ, ಮಗಳನ್ನೂ ಕರೆಸಿಕೊಂಡಳು. ಕೂಟ ಇನ್ನೊಂದೆರಡು ಸಲ ಹೋಯಿತು. ಮರುವರ್ಷ ಫ್ರೆಂಚರು ಹೊರಟುಹೋಗಿ ಮಾಹೆ ಪರದೇಶವಾಗಿ ಉಳಿಯಲಿಲ್ಲ. ಹೋಗುವ ಉಮೇದೂ ಹಾಗೆಯೇ ಕಡಿಮೆಯಾಯಿತು. ಬಸ್ಸಿನಲ್ಲಿ ಕೆಲವರು ನಂಬಿದರು, ಕೆಲವರು ನಂಬಲಿಲ್ಲ. ಬೆಳ್ತಂಗಡಿಯಲ್ಲಿ ಈಗಲೂ ಅವನನ್ನು ಕಂಡರೆ ಮಾತು ಬದಲಿಸುವವರಿದ್ದಾರೆ.

ಆದರೆ ಆ ಮನೆಯೊಳಗೆ ಸಂಶಯ ಬಂದದ್ದು ಅಂದಿನಿಂದಲೇ. ಬಸ್ಸಿನಿಂದ ಬಂದವನು ಬಾವಿಗೆ ಹೋಗಿ, ತಾನೇ ನೀರು ಸೇದಿ, ಕೊಡಪಾನದಿಂದಲೇ ಕುಡಿದು ಒಳಗೆ ಬರತೊಡಗಿದ. ಊಟಕ್ಕೆ ಕುಳಿತರೆ ತುತ್ತು ಎತ್ತುವ ಮೊದಲು ಮಗಳು ಉಂಡಳೇ ಎಂದು ನೋಡುತ್ತಿದ್ದ. ಮೂಗು ಇಲ್ಲದ ಮನುಷ್ಯ ಕೊಡುವವರ ಕೈಯನ್ನಷ್ಟೇ ನಂಬಿ ಬದುಕಬೇಕು. ಅವನಿಗೆ ಇದ್ದ ಆ ಒಂದು ಕೈಯಿಂದಲೇ ಲೋಟ ಬಂದಿತ್ತು. ತಾನು ತಡೆದದ್ದನ್ನು ಹೇಳಲು ಸರಸ ಎಷ್ಟೋ ಸಲ ಬಾಯಿ ತೆರೆದಳು. ಹೊಯ್ದದ್ದೂ ತಾನೇ ಎಂದು ನೆನಪಾಗಿ ಒಳಗೆ ಹೋದಳು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಅವನು ಬಂದಾಗ ಬಾವಿಯ ಹಗ್ಗ ತುಂಡಾಗಿ ಬಿದ್ದಿತ್ತು. ಜಗಲಿಗೆ ಬಂದು ನಿಂತ. ಸರಸ ಒಂದು ಚೆಂಬು ನೀರು ತಂದು ಅವನ ಮುಂದೆ ಇಟ್ಟಳು. ಅವನು ನೀರನ್ನು ನೋಡಿದ, ಅವಳ ಮುಖವನ್ನು ನೋಡಿದ, ಕೈ ಚಾಚಲಿಲ್ಲ.

ಅವಳು ಚೆಂಬನ್ನು ಎತ್ತಿದಳು. ನಮ್ಮಲ್ಲಿ ಗಂಡನಿಗೆ ಕೊಡುವ ನೀರಿಗೆ ಹೆಂಗಸರು ಬಾಯಿ ತಾಗಿಸುವುದಿಲ್ಲ. ಅದರಿಂದ ಎತ್ತಿ ಹೊಯ್ದುಕೊಂಡು ಕುಡಿಯುವುದೂ ಇಲ್ಲ. ಸರಸ ಅಂಚಿಗೆ ತುಟಿಯಿಟ್ಟು, ಅವನ ಕಣ್ಣೆದುರಿಗೇ, ಅರ್ಧದವರೆಗೆ ಕುಡಿದಳು. ಉಳಿದದ್ದನ್ನು ಅವನ ಮುಂದೆ ಇಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ನಿಂತಳು.

ಕಮಲಾಕ್ಷ ಕುಳಿತುಕೊಂಡ. ಚೆಂಬು ತೆಗೆದುಕೊಂಡು, ಅವಳು ತುಟಿಯಿಟ್ಟ ಕಡೆಯಿಂದಲೇ, ಮೆಲ್ಲಗೆ ಪೂರ್ತಿ ಕುಡಿದ.